ಬಲಕ್ಕೆ ಬಿದ್ದ ಹೂವು

ಗಂಗಾ,

ಇದನ್ನು ನಿನಗೆ ಕಳಿಸುವುದಿಲ್ಲ. ಅದಕ್ಕೇ ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ನಿನ್ನ ಚಿಪ್ ಕಂಪನಿ ಇನ್ನೊಂದು ಕಂಪನಿಯ ಜೊತೆ ಸೇರುತ್ತದಂತೆ, ಬಹಳ ಮಂದಿಯನ್ನು ಕೆಲಸದಿಂದ ತೆಗೆಯುತ್ತಾರಂತೆ. ಮೊಬೈಲಿನಲ್ಲಿ ಬಂದ ಈ ಸುದ್ದಿಯನ್ನು ಹಂಪಸಾಗರದಲ್ಲಿ ನಿಮ್ಮವ್ವನಿಗೆ ಓದಿ ಹೇಳಿದವನು ನಾನೇ.

"ಎರಡು ಮನಿ ಕೂಡಿದ್ರ ಮಂದಿ ಹೆಚ್ಚು ಬೇಕಾಗ್ತಾರಲ್ಲೋ?" ಎಂದಳು.

"ಒಲಿ ಒಂದ ಸಾಕಾಗತೈತಿ, ಅತ್ತಿ."

"ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟವ ನನಗ ಕಂಪನಿ ಕಲಸಾಕ ಬಂದಾನ! ನಡಿ, ಊರಮ್ಮಗ ಹೂವು ಕೇಳೂಣು."

ಬೆಳಿಗ್ಗೆ ಹೋದೆವು. ಹಿನ್ನೀರಿನ ಮಂಜು ಗುಡಿಯೊಳಗೂ ತೇಲಿ ಬಂದಂತಿತ್ತು. ಪೂಜಾರಿ ಒದ್ದೆ ಸೇವಂತಿಗೆಯನ್ನು ದೇವಿಯ ಮೈಗೆ ಅಂಟಿಸಿದ. ಬಲಕ್ಕೆ ಬಿದ್ದರೆ ಕೇಳಿದ್ದು ಆಗುತ್ತದೆ.

"ಮಗಳ ಕೆಲಸ ಉಳೀಲಿ, ತಾಯಿ" ಎಂದು ನಿಮ್ಮವ್ವ ಗಟ್ಟಿಯಾಗಿ ಬೇಡಿದಳು. ನಾನೂ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ, ಮಂಜಿನಲ್ಲಿ ಬಸ್ಸು ನಿಂತಿತು, ನೀನು ಇಳಿದು ಬಂದೆ, ಚೀಲವನ್ನು ನನ್ನ ಕೈಗೆ ಕೊಟ್ಟು ಇನ್ನು ಊರು ಬಿಟ್ಟು ಹೋಗುವುದಿಲ್ಲ ಎಂದೆ. ನಾನು ಅದನ್ನೇ ಕೇಳಿಕೊಂಡೆ.

ಹೂವು ಬಲಕ್ಕೆ ಬಿತ್ತು.

"ಕೊಟ್ಟಳಲೇ! ಆಕಿಗೆ ಫೋನ್ ಹಚ್ಚು!" ಎಂದು ನಿಮ್ಮವ್ವ ನನ್ನ ತೋಳು ಜಗ್ಗಿದಳು.

ದೇವಿ ಕೊಟ್ಟದ್ದು ಅವಳಿಗೋ ನನಗೋ ತಿಳಿಯದೆ, ಸಿಗ್ನಲ್ ಇಲ್ಲ ಎಂದು ಸುಳ್ಳು ಹೇಳಿದೆ.