ಹದಿನಾಲ್ಕನೇ ತಾರೀಖಿನ ಸಹಿ

ಗಡಿಯಾಚೆಯ ಪ್ರಯೋಗಾಲಯದ ಅಕ್ಕನಿಗೆ,

ನಿಮ್ಮ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದು ಸಮಾಧಾನವಾಯಿತು. ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ಈ ಪತ್ರವನ್ನು ಲಾರಿ ಚಾಲಕರ ಕೈಯಲ್ಲಿ ಕಳಿಸುತ್ತಿದ್ದೇನೆ.

ಎರಡು ದೇಶಗಳ ಒಪ್ಪಂದವಾದಾಗಿನಿಂದ ನೀವು ಅಲ್ಲಿ ಪರೀಕ್ಷಿಸಿದ್ದನ್ನು ನಾವಿಲ್ಲಿ ಮತ್ತೆ ಪರೀಕ್ಷಿಸುವುದಿಲ್ಲ. ನಿಮ್ಮ ಸಹಿ ನೋಡಿ ಮುದ್ರೆ ಒತ್ತುವುದಷ್ಟೇ ನನ್ನ ಕೆಲಸ. ಎಳೆಮಕ್ಕಳ ಹಾಲಿನ ಪುಡಿಯ ಇನ್ನೂರು ಪೆಟ್ಟಿಗೆಗಳೂ ಹಾಗೆಯೇ ದಾಟಿ ನಮ್ಮ ಉಗ್ರಾಣಕ್ಕೆ ಬಂದಿವೆ. ಇವತ್ತು ಆ ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸುವಾಗ ನೋಡಿದೆ. ಹದಿನಾಲ್ಕನೇ ತಾರೀಖು, ನಿಮ್ಮ ಸಹಿ. ಆ ದಿನ ನೀವು ಅಮ್ಮನ ಮಂಚದ ಪಕ್ಕದಿಂದ ಫೋನ್ ಮಾಡಿ, "ಮೂರು ದಿನ ಆಯ್ತು, ಲ್ಯಾಬ್ ಕಡೆ ತಲೆನೇ ಹಾಕಿಲ್ಲ ಕಣೇ" ಅಂದಿದ್ದಿರಿ.

ಖಾಲಿ ನಮೂನೆಗಳಿಗೆ ಮೊದಲೇ ಸಹಿ ಹಾಕಿಟ್ಟು ಹೋಗಿದ್ದಿರಿ, ಅಷ್ಟೇ ತಾನೆ?

ನಾಳೆ ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆಗಳು ಅಂಗಡಿಗಳಿಗೆ ಹೊರಡುತ್ತವೆ. ಅಷ್ಟರೊಳಗೆ ಅವನ್ನು ತಡೆಯಿರೆಂದು ನಿಮ್ಮ ಕಚೇರಿಯಿಂದಲೇ ಇಮೇಲ್ ಬರಲಿ. ಬಾರದಿದ್ದರೆ ನಾನೇ ತಡೆದು ಕಾರಣ ಬರೆಯುತ್ತೇನೆ. ಆಮೇಲೆ ಒಪ್ಪಂದ ಉಳಿಯುತ್ತದೋ ಇಲ್ಲವೋ, ದೊಡ್ಡವರು ನೋಡಿಕೊಳ್ಳಲಿ.

ನಿಮ್ಮ ಮೇಲೆ ಗೂಬೆ ಕೂರಿಸಿ ಪಾರಾಗುವ ಯೋಚನೆ ನನಗಿಲ್ಲ. ಆ ಲಾರಿ ಈಚೆ ದಾಟಿದ್ದು ಹದಿನಾರಕ್ಕೆ. ಮುದ್ರೆ ನನ್ನದೇ. ಆದರೆ ಖಾಲಿ ಹಾಳೆಗಳಿಗೆ ಮೊದಲೇ ಮುದ್ರೆ ಒತ್ತಿ ಗುಮಾಸ್ತರ ಕೈಗಿತ್ತು ಆ ವಾರವಿಡೀ ನಾನು ಅಣ್ಣನ ಮದುವೆಯಲ್ಲಿದ್ದೆ. ನೀವು ಪುಡಿ ನೋಡಲಿಲ್ಲ, ನಾನು ಕಾಗದವನ್ನೂ ನೋಡಲಿಲ್ಲ.

ಇಂತಿ,
ಈಚೆ ಗೇಟಿನ ನಿಮ್ಮ ತಂಗಿ

ಕೆಳಗಿನ ಸಹಿಯನ್ನು ಮಾತ್ರ ನಾನೇ ಕೂತು, ಮೇಲಿನದೆಲ್ಲ ಎರಡು ಸಲ ಓದಿ, ಇವತ್ತೇ ಹಾಕಿದ್ದೇನೆ.