ಕೆಲಸಕ್ಕೆ ಹೋಗದೆ ಕೆಲಸ ಮಾಡುವವಳ ಮಗು

ವಿಜಯನಗರ, ಬೆಂಗಳೂರು
ಮೇ 1975

ಶಿಶುವಿಹಾರಗಳ ಮೇಲಧಿಕಾರಿಯವರಿಗೆ,

ಮಾನ್ಯರೇ, ನಿಮ್ಮ ಬೋರ್ಡಿನ ಒಂದು ಪದ ನನ್ನ ಮಗಳ ಕೈ ಸುಟ್ಟಿದೆ. ಆ ಪದ ‘ಹೋಗುವ’. ನಮ್ಮ ಬಡಾವಣೆಯ ಶಿಶುವಿಹಾರದ ಬಾಗಿಲಿಗೆ ಈ ಬೇಸಿಗೆಯಲ್ಲಿ ನೀವು ತೂಗುಹಾಕಿಸಿದ ಬೋರ್ಡು ಹೀಗಿದೆ: ‘ಶಾಲಾ ರಜೆಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಮಾತ್ರ.’ ನಾನು ಕೆಲಸ ಮಾಡುವ ತಾಯಿ. ಆದರೆ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ನಿಮ್ಮ ಕಚೇರಿಯ ದೃಷ್ಟಿಯಲ್ಲಿ ನನಗೆ ಕೆಲಸವೇ ಇಲ್ಲ.

ನಾನು ಸಂಡಿಗೆ ಮಾಡಿ ಮಾರುವವಳು. ಮದುವೆ ಮನೆಯವರು ಹೇಳಿಕಳಿಸುತ್ತಾರೆ, ರಾಜಾಜಿನಗರದ ಅಂಗಡಿಯವರು ಬಂದು ಒಯ್ಯುತ್ತಾರೆ. ಯಜಮಾನರ ಗಿರಣಿ ಸಂಬಳದ ಜೊತೆಗೆ ಇದೂ ಸೇರಿದರೇ ನಮ್ಮ ಸಂಸಾರ ನಡೆಯುವುದು. ಈ ಕೆಲಸಕ್ಕೆ ಬಿಸಿಲು ಬೇಕು. ಬಿಸಿಲು ಕಾಯುವುದು ಏಪ್ರಿಲ್ ಮೇ ತಿಂಗಳಲ್ಲಿ, ಸರ್ಕಾರ ಶಾಲೆ ಮುಚ್ಚುವುದೂ ಅದೇ ಬಿಸಿಲಿಗೆ. ಮಳೆ ಹಿಡಿದು ನಾನು ಕೈಕಟ್ಟಿ ಕೂತಾಗ ಮಗಳು ಶಾಲೆಯಲ್ಲಿರುತ್ತಾಳೆ. ಒಲೆಯ ಮುಂದಿನಿಂದ ಅಲುಗಾಡಲಾಗದ ದಿನಗಳಲ್ಲಿ ಮನೆಯಲ್ಲಿರುತ್ತಾಳೆ. ಇದನ್ನು ಯಾರ ತಪ್ಪೆನ್ನಲಿ? ಸೂರ್ಯನಿಗೆ ಅರ್ಜಿ ಹಾಕುವಂತಿಲ್ಲವಲ್ಲ, ಅದಕ್ಕೇ ನಿಮ್ಮ ಕಚೇರಿಗೆ ಬಂದು ಕೇಳಿದೆ.

ಅಂದು ನೀವು ಹೇಳಿದ್ದು ನಿಮಗೆ ನೆನಪಿರಲಾರದು, ನನಗಿದೆ. “ಮನೇಲೇ ಇರ್ತೀರಲ್ಲಮ್ಮ, ಮಗು ಕಣ್ಣೆದುರಿಗೇ ಇರುತ್ತೆ. ಇನ್ನೇನು ಬೇಕು?” ಎಂದಿರಿ. ಹಿತ್ತಲಲ್ಲಿ ಒಲೆ, ಮೇಲೆ ಮೋಟುಗೋಡೆ ಕಟ್ಟಿಸದ ತಾರಸಿ, ನಾನು ಎರಡರ ನಡುವೆ ಏಣಿ ಹತ್ತಿ ಇಳಿಯುವವಳು, ಮಗುವನ್ನು ಎಲ್ಲಿ ಕೂರಿಸಲಿ ಸಾರ್ ಎಂದು ಕೇಳಿದೆ. “ತಾರಸಿ ಮೇಲೇ ಕೂರಿಸಿ, ಕೈಗೊಂದು ಕೋಲು ಕೊಡಿ. ಕಾಗೆ ಓಡಿಸ್ತಾ ಇರುತ್ತೆ, ಮಕ್ಕಳಿಗೆ ಅದೂ ಒಂದು ಆಟ” ಎಂದಿರಿ. ನಾನು ಬಾಗಿಲು ದಾಟುವಾಗ ಮತ್ತೆ ಕರೆದಿರಿ. ಮನಸ್ಸು ಬದಲಾಯಿಸಿದಿರೇನೋ ಅಂತ ಆಸೆಯಿಂದ ತಿರುಗಿದೆ. “ಅಂದ ಹಾಗೆ, ಅರಳು ಸಂಡಿಗೆ ಮಾಡ್ತೀರಾ? ನಮ್ಮನೆಯವಳು ಕೇಳ್ತಾ ಇದ್ದಳು” ಎಂದಿರಿ. ಸ್ವಾಮಿ, ಆ ಸಂಡಿಗೆಯನ್ನು ಯಾರು ಮಾಡಿಕೊಡಬೇಕಿತ್ತು? ಈ ಕೆಲಸವಿಲ್ಲದವಳೇ ತಾನೆ?

ಈ ವರ್ಷ ಮಹಿಳಾ ವರ್ಷವಂತೆ. ನಿಮ್ಮ ಗೋಡೆಯ ಮೇಲೂ ಅದರ ಚಿತ್ರಪಟ ನೋಡಿದೆ. ಅದರಲ್ಲಿರುವ ಹೆಂಗಸು ಹೆಗಲಿಗೆ ಚೀಲ ಹಾಕಿಕೊಂಡು ಎಲ್ಲಿಗೋ ಹೋಗುತ್ತಿದ್ದಾಳೆ. ಪುಣ್ಯವಂತೆ, ಅವಳ ಮಗುವಿಗೆ ನಿಮ್ಮಲ್ಲಿ ಜಾಗ ಸಿಗುತ್ತದೆ.

ನಾನು ನಿಮ್ಮಲ್ಲಿಗೆ ಬಂದುಹೋದ ಮಾರನೆಯ ವಾರ ಆದದ್ದನ್ನು ಹೇಳುತ್ತೇನೆ. ಸಂಡಿಗೆ ಹಿಟ್ಟು ಒಲೆಯ ಮೇಲಿರುವಾಗ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಮೊದಲ ಪಾತ್ರೆಯದನ್ನು ತಾರಸಿಯಲ್ಲಿ ಪಂಚೆಯ ಮೇಲೆ ಇಡುತ್ತಿದ್ದೆ, ಎರಡನೆಯದು ಕೆಳಗೆ ಕುದಿಯುತ್ತಿತ್ತು. ನನ್ನ ಮಗಳು ಬಸವರಾಜೇಶ್ವರಿ, ನಾವು ರಾಜಿ ಅನ್ನುತ್ತೇವೆ, ಒಂದನೇ ತರಗತಿ ಮುಗಿಸಿದವಳು. ತಾರಸಿಗೆ ಹತ್ತಬೇಡ ಎಂದು ನಾನೇ ಗದರಿ ಕೆಳಗೆ ಬಿಟ್ಟಿದ್ದೆ. ಕಿರುಚಿದ್ದು ಕೇಳಿ ಇಳಿದು ಬರುವಷ್ಟರಲ್ಲಿ ಬಲಗೈ ಮೇಲೆ ಹಿಟ್ಟು ಸಿಡಿದು ಕೂತಿತ್ತು. ಅದು ಬಿಸಿನೀರಿನ ಹಾಗೆ ಜಾರಿ ಹೋಗುವುದಿಲ್ಲ, ಬಿದ್ದಲ್ಲೇ ಅಂಟಿಕೊಂಡು ಸುಡುತ್ತದೆ. ಯಾಕೆ ಮುಟ್ಟಿದೆಯೇ ಎಂದು ಬೈದೆ, ಬೈಯುತ್ತಲೇ ಅತ್ತೆ. “ನೀನು ಮೇಲಿದ್ಯಲ್ಲಮ್ಮ. ತಳ ಹಿಡಿಯತ್ತೆ ಅಂತ ತಿರುಗಿಸ್ದೆ” ಎಂದಳು. ಬೆರಳುಗಳು ಇನ್ನೂ ಸರಿಯಾಗಿ ಮಡಚುತ್ತಿಲ್ಲ. ಶಾಲೆ ತೆರೆಯುವ ಹೊತ್ತಿಗೆ ಬಳಪ ಹಿಡಿಯಬಹುದು ಎಂದು ಡಾಕ್ಟರು ಹೇಳಿದರು. ಖಂಡಿತ ಹಿಡಿಯುತ್ತಾಳೆ ಎಂದು ಹೇಳಲಿಲ್ಲ.

ನಮ್ಮ ಮನೆಯ ಒಡತಿ ಮುನಿತಾಯಮ್ಮ ಈ ಬಡಾವಣೆ ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವವರು. ಅವರ ಮಗಳು ಕಾರ್ಖಾನೆಗೆ ಹೋಗುತ್ತಾಳೆ, ಮೊಮ್ಮಗ ನಿಮ್ಮ ಶಿಶುವಿಹಾರದಲ್ಲಿದ್ದಾನೆ. ರಾಜಿಯ ಕೈ ನೋಡಿ ಅವರು, “ನಾನು ದಿನಾ ಮನೇಲೇ ಬಿದ್ದಿರ್ತೀನಿ ಕಣಮ್ಮ, ನನ್ನ ಮೊಮ್ಮಗನ್ನ ಸೇರಿಸ್ಕೊಂಡವ್ರೆ. ನಿನ್ನ ಮಗೀಗೆ ಜಾಗ ಇಲ್ವಂತಾ?” ಎಂದು ನಿಟ್ಟುಸಿರಿಟ್ಟರು. ಆಮೇಲೆ, “ಒಂದು ಕೆಲ್ಸ ಮಾಡು. ಬೆಳಿಗ್ಗೆ ಚೀಲ ಹಿಡ್ಕೊಂಡು ಮುಂದಿನ ಬಾಗ್ಲಿಂದ ಹೋಗು, ಬಳಸ್ಕೊಂಡು ಹಿತ್ತಲಿಂದ ಒಳೀಕ್ಕೆ ಬಾ. ಆಗ ನೀನೂ ಕೆಲ್ಸಕ್ಕೆ ಹೋದಂಗಾಯ್ತು” ಎಂದರು. ಇಬ್ಬರೂ ನಕ್ಕೆವು. ಮೂಲೆಯಲ್ಲಿ ಮಲಗಿದ್ದ ರಾಜಿ ನಗಲಿಲ್ಲ. “ಅಮ್ಮಾ, ನೀನು ಯಾವಾಗ ಕೆಲಸಕ್ಕೆ ಸೇರ್ತೀಯಾ?” ಎಂದು ಕೇಳಿದಳು. ಕೋಳಿ ಕೂಗುವ ಮೊದಲೇ ಒಲೆ ಹಚ್ಚುವ ನನ್ನನ್ನು ನನ್ನ ಮಗಳೇ ಹೀಗೆ ಕೇಳುವ ಹಾಗೆ ಮಾಡಿದಿರಿ. ಕೈ ಸುಟ್ಟದ್ದಕ್ಕಿಂತ ನನಗೆ ಉರಿದದ್ದು ಇದು. ಇನ್ನೊಬ್ಬರ ಸಂಬಳಕ್ಕೆ ದುಡಿದರೆ ಮಾತ್ರ ಹೆಂಗಸಿನದು ಕೆಲಸವೇ? ತನ್ನ ಒಲೆಯ ಮುಂದೆ ತಾನೇ ಯಜಮಾನಿಯಾಗಿ ಬೆಂದರೆ ಅದು ಕಾಲಕ್ಷೇಪವೇ?

ನನ್ನ ಬೇಡಿಕೆ ದೊಡ್ಡದಲ್ಲ. ‘ಕೆಲಸಕ್ಕೆ ಹೋಗುವ’ ಎಂಬುದನ್ನು ಅಳಿಸಿ ‘ಕೆಲಸ ಮಾಡುವ’ ಎಂದು ಬರೆಸಿ. ರಜೆ ಮುಗಿಯುವ ತನಕ ರಾಜಿಯನ್ನು ಒಳಗೆ ಬಿಡಿ. ಬಣ್ಣದ ಡಬ್ಬಿ ಬೇಕಿದ್ದರೆ ನಾನೇ ತಂದುಕೊಡುತ್ತೇನೆ.

ಆಗುವುದಿಲ್ಲವೆಂದರೆ ಸೋಮವಾರದಿಂದ ನಾನೂ ಕೆಲಸಕ್ಕೆ ಹೋಗುತ್ತೇನೆ, ನಿಮ್ಮ ಕಚೇರಿಗೇ. ಒಲೆ, ಪಾತ್ರೆ, ಸೌದೆ, ಪಂಚೆ ಎಲ್ಲ ತರುತ್ತೇನೆ. ನಿಮ್ಮ ತಾರಸಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಸುತ್ತ ಮೋಟುಗೋಡೆಯೂ ಇದೆ, ಬಂದಾಗಲೇ ನೋಡಿಕೊಂಡಿದ್ದೇನೆ. ನಾನು ಕೆಳಗೆ ಹಿಟ್ಟು ತಿರುಗಿಸುವಾಗ ಮೇಲೆ ಕಾಗೆ ಓಡಿಸಲು ಒಬ್ಬರು ಬೇಕಾಗುತ್ತದೆ. ರಾಜಿಗೆ ಈಗ ಕೋಲು ಹಿಡಿಯಲು ಬರುವುದಿಲ್ಲ. ಅದನ್ನು ನೀವು ಹಿಡಿಯಿರಿ. ಹೇಗೂ ಆಫೀಸಿನಲ್ಲೇ ಇರುತ್ತೀರಲ್ಲ.

ಇಂತಿ,
ಮನೆಯಲ್ಲೇ ಇರುವ
ಜಗದಾಂಬಾ