ಹೆಪ್ಪು ಕೇಳದ ಊರು

೧೨-೧-೧೯೯೭, ಬೈಲಹೊಂಗಲ

ನನ್ನ ಕಾದಂಬರಿಯ ಊರಿನಲ್ಲಿ ಯಾರಿಗೂ ಯಾವ ಕೊರತೆಯೂ ಇಲ್ಲ. ಆದರೂ ಅಲ್ಲಿನ ಜನ ಯಾಕೆ ಮಂಕಾಗಿ ಕೂತಿರುತ್ತಾರೆಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ಸಂಜೆ ಅದನ್ನೇ ತಿದ್ದುತ್ತಿದ್ದಾಗ ಪಕ್ಕದ ಮನೆಯ ಮುದುಕಿ ನೀಲಗಂಗವ್ವ ಎಂದಿನಂತೆ ಬಟ್ಟಲು ಹಿಡಿದು ಹೆಪ್ಪಿಗೆ ಬಂದರು. ರೇಗಿಬಿಟ್ಟೆ.

“ದಿನಾ ಏನ ಬೇ ಯವ್ವಾ ಇದು? ಒಂದ ಚಮಚಾ ಮೊಸರು ಮನ್ಯಾಗ ಉಳಿಸಿ ಇಟ್ಕೊಳ್ಳಾಕ ಬರೂದಿಲ್ಲೇನ?”

“ಮನ್ಯಾಗ ಹೆಪ್ಪ ಐತ್ರಿ ಮಾಸ್ತರ್ರ. ಮಾತಾಡಾಕ ಯಾರಿಲ್ಲ ನೋಡ್ರಿ.”

ಥೂ, ನನ್ನ ನಾಲಿಗೆಯೇ. ಇನ್ನೂರು ಪುಟ ಬರೆದಿದ್ದೇನೆ. ಅಷ್ಟೂ ಪುಟಗಳಲ್ಲಿ ಆ ಊರಿನ ಒಬ್ಬರೂ ಇನ್ನೊಬ್ಬರ ಬಾಗಿಲಿಗೆ ಹೋಗಿಲ್ಲ. ನನ್ನ ಬಾಗಿಲಿಗೆ ಬಂದವರನ್ನು ನಾನೇ ಅಟ್ಟಿದೆ.

ಬಟ್ಟಲು ಇಲ್ಲೇ ಬಿಟ್ಟುಹೋಗಿದ್ದಾರೆ. ನಾಳೆ ಅದನ್ನು ಹಿಡಿದು ನಾನೇ ಹೆಪ್ಪು ಕೇಳಲು ಹೋಗಬೇಕು. ಬೈಯಲಿ, ಬಾಗಿಲು ತೆರೆದರೆ ಸಾಕು...